ಅಮೃತಾ ಶೇರ್‌ಗಿಲ್ ‘ತಾಹಿತಿ’ ಸೆಲ್ಫ್ ಪೋರ್ಟ್ರೇಟ್: ಅದರಿಂದ ಕಲಿತು ಕೊಡಗಿನ ಸೀರೆಯಲ್ಲಿ ಒಂದು ಚಿತ್ರ ಮಾಡುವುದು ಹೇಗೆ?

ಹಾಕತ್ತೂರು_ಕುಂಚ
ಅಮೃತಾ ಶೇರ್‌ಗಿಲ್ 1934ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ‘ಸೆಲ್ಫ್ ಪೋರ್ಟ್ರೇಟ್ ಆ್ಯಸ್ ಎ ತಾಹಿತಿಯನ್’ ಚಿತ್ರವನ್ನು ಮುಂದಿಟ್ಟುಕೊಂಡು, ಹಿಂದೆ ನೆರಿಗೆಯ ಕೊಡಗಿನ ಸೀರೆಯಲ್ಲಿ ನನ್ನದೇ ಸೆಲ್ಫ್ ಪೋರ್ಟ್ರೇಟ್ ಮಾಡಬೇಕೆಂದಿದ್ದೇನೆ. ಆಯಿಲ್, 24×36 ಇಂಚು, ತಲೆಯಿಂದ ತೊಡೆವರೆಗೆ. ತಿಳಿಯಬೇಕಾದ್ದು ಇಷ್ಟು: ಆ ಚಿತ್ರದಲ್ಲಿ, ತಾಹಿತಿ ದ್ವೀಪದ ಹೆಂಗಸರನ್ನು ಚಿತ್ರಿಸಿದ ಫ್ರೆಂಚ್ ಕಲಾವಿದ ಗೊಗ್ಯಾಂನದ್ದು ಯಾವುದು, ಅಮೃತಾ ಅವರದ್ದು ಯಾವುದು? ಕನ್ನಡಿ ನೋಡಿ ಚಿತ್ರಿಸುವಾಗ ಕಣ್ಣು ಬೇರೆ ಕಡೆ ನೋಡುವಂತೆ ಮಾಡುವುದು ಹೇಗೆ? ಕೊಡಗಿನ ಈ ಮಳೆಯಲ್ಲಿ ಆಯಿಲ್ ಒಣಗುತ್ತದೆಯೇ? ಇನ್ನೊಂದು, ನಾನು ಕೊಡವತಿ ಅಲ್ಲ. ಆ ಸೀರೆ ಉಟ್ಟು ಚಿತ್ರ ಮಾಡಿಕೊಂಡರೆ ಅದು ವೇಷ ಅನ್ನಿಸೀತೇ? ಯಾರೂ ಸುತ್ತುಬಳಸದೆ ಹೇಳಿ.

ಪೊನ್ನಂಪೇಟೆ_ಕಲಾಚರಿತ್ರೆ
ಮೊದಲ ಪ್ರಶ್ನೆಗೆ ಬರುತ್ತೇನೆ, ಉಳಿದದ್ದನ್ನು ಮೇಷ್ಟ್ರು ನೋಡಿಕೊಳ್ಳಲಿ.

ಚಿತ್ರ ಸುಮಾರು 90×56 ಸೆಂ.ಮೀ., ಕ್ಯಾನ್ವಾಸ್ ಮೇಲೆ ಆಯಿಲ್. ಸೊಂಟದವರೆಗೆ ಬೆತ್ತಲೆ, ಕೈಗಳು ಮುಂದೆ ಒಂದರ ಮೇಲೊಂದು, ಕೂದಲು ಹಿಂದಕ್ಕೆ ಎಳೆದು ಕಟ್ಟಿದೆ, ನೋಟ ನಮ್ಮ ಮೇಲಿಲ್ಲ. ಹಿಂದಿನ ಗೋಡೆಯ ಮೇಲೆ ಜಪಾನಿ ಮುದ್ರಣಗಳನ್ನು ನೆನಪಿಸುವ ಆಕೃತಿಗಳು. ಅವರ ಬೆನ್ನ ಹಿಂದೆಯೇ ಒಂದು ದೊಡ್ಡ ನೆರಳು, ಅದು ಗಂಡಸಿನದು ಎಂದೇ ಹೆಚ್ಚಿನವರು ಓದುತ್ತಾರೆ.

ಗೊಗ್ಯಾಂನಿಂದ ಬಂದದ್ದು ಶೀರ್ಷಿಕೆ, ಕಂದು ಮೈಬಣ್ಣವನ್ನೇ ಚಿತ್ರದ ಮುಖ್ಯ ಬಣ್ಣವಾಗಿ ಬಳಸುವ ಧೈರ್ಯ, ಮೈಯಂಚನ್ನು ಕಡಿಯದೆ ಒಂದೇ ಉದ್ದ ಗೆರೆಯಲ್ಲಿ ಹರಿಸುವ ರೀತಿ, ಮತ್ತು ಆ ಅಲುಗಾಡದ ನಿಲುವು. ಅವನ 1899ರ ‘ಟೂ ತಾಹಿತಿಯನ್ ವಿಮೆನ್’ ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಹೆಂಗಸಿನ ಕೈಯಲ್ಲಿ ತಟ್ಟೆಯಿದೆ, ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಮಗೇ ಒಡ್ಡುತ್ತಾಳೆ. ಅಮೃತಾ ಚಿತ್ರದಲ್ಲಿ ಒಡ್ಡುವುದಕ್ಕೆ ಏನೂ ಇಲ್ಲ. ಹೂವಿಲ್ಲ, ಹಣ್ಣಿಲ್ಲ, ಕಾಡಿಲ್ಲ, ತಾಹಿತಿಯವರು ಸುತ್ತಿಕೊಳ್ಳುವ ಹೂಬಟ್ಟೆ ಪಾರೆಯೊ ಕೂಡ ಇಲ್ಲ. ಸೊಂಟಕ್ಕೊಂದು ಸಾದಾ ಬಿಳಿ ಬಟ್ಟೆ. ದ್ವೀಪದ ಅಲಂಕಾರ ಪೂರ್ತಿ ಕಳಚಿಟ್ಟು ಮೈ ಮಾತ್ರ ಉಳಿಸಿಕೊಂಡಿದ್ದಾರೆ. ಗೊಗ್ಯಾಂ ನೋಡುತ್ತಿದ್ದ ಜಾಗದಲ್ಲಿ ನೆರಳಿದೆ, ಅವನು ಕೂರಿಸುತ್ತಿದ್ದ ಜಾಗದಲ್ಲಿ ಚಿತ್ರ ಬರೆಯುವವಳೇ ನಿಂತಿದ್ದಾಳೆ.

ಜಪಾನಿ ಆಕೃತಿಗಳನ್ನು ವಾನ್ ಗೋ ಕಡೆಯಿಂದ ಓದಬೇಕು. 1887ರ ‘ಪೇರ್ ತಾಂಗಿ’ ಮತ್ತು ಕಿವಿಗೆ ಪಟ್ಟಿ ಕಟ್ಟಿದ 1889ರ ಸೆಲ್ಫ್ ಪೋರ್ಟ್ರೇಟ್ ಎರಡರಲ್ಲೂ ಹಿಂದಿನ ಗೋಡೆಯ ಮೇಲೆ ಜಪಾನಿ ಮುದ್ರಣಗಳಿವೆ. ಪೂರ್ವದೇಶವನ್ನು ಪ್ಯಾರಿಸ್ ಹೇಗೆ ಗೋಡೆಗೆ ನೇತುಹಾಕಿಕೊಂಡಿತ್ತು ಅನ್ನುವುದನ್ನೇ ಅಮೃತಾ ತಮ್ಮ ಹಿಂದೆ ಚಿತ್ರಿಸಿದ್ದಾರೆ.

ಯಾರೂ ಅಷ್ಟಾಗಿ ಹೇಳದ ಪ್ರಭಾವ ಒಂದಿದೆ, ಅಪ್ಪನದು. ಉಮರಾವ್ ಸಿಂಗ್ ಶೇರ್‌ಗಿಲ್ ದಶಕಗಳ ಕಾಲ ಕ್ಯಾಮೆರಾ ಎದುರು ತಾವೇ ಕೂತು, ಬಗೆಬಗೆಯ ಉಡುಪು ಭಂಗಿಗಳಲ್ಲಿ ತಮ್ಮದೇ ಫೋಟೊ ತೆಗೆದುಕೊಂಡವರು. ಮನೆಮಂದಿಯನ್ನೂ ಹಾಗೇ ಕೂರಿಸುತ್ತಿದ್ದರು. ವೇಷ ತೊಟ್ಟು ತನ್ನನ್ನೇ ನೋಡಿಕೊಳ್ಳುವುದು ಆ ಮನೆಯಲ್ಲಿ ಹೊಸದಲ್ಲ. ಪ್ಯಾರಿಸಿನಲ್ಲಿ ಅಮೃತಾ ಹತ್ತಕ್ಕೂ ಹೆಚ್ಚು ಸೆಲ್ಫ್ ಪೋರ್ಟ್ರೇಟ್ ಮಾಡಿದರು. ನಗುವವಳು, ಜಿಪ್ಸಿಯಂಥವಳು, ಬಣ್ಣದ ಹಲಗೆ ಹಿಡಿದವಳು, ಎಲ್ಲ ಇದ್ದಾರೆ. ತಾಹಿತಿಯವಳು ಆ ಸಾಲಿನ ಕೊನೆಯ ಹೊತ್ತಿಗೆ ಬರುತ್ತಾಳೆ.

ಸೋಮವಾರಪೇಟೆ_ಬ್ರಷ್
ಸ್ವಲ್ಪ ಜಾಸ್ತಿಯೇ ಓದುತ್ತಿದ್ದೀರಿ ಸರ್. ಆಗ ಅವರಿಗೆ 21 ವರ್ಷ. ಪ್ಯಾರಿಸಿನ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯೆಂ ಸಿಮೋಂ ಕೈಕೆಳಗೆ ಓದಿ ಮುಗಿಸುವ ಕಾಲ. ಗೊಗ್ಯಾಂ, ವಾನ್ ಗೋ, ಸೆಜಾನ್ ಮೂವರನ್ನೂ ಒಂದೇ ಚೌಕಟ್ಟಿಗೆ ತಂದು ಅರಗಿಸಿಕೊಳ್ಳುವ ವಿದ್ಯಾರ್ಥಿಯ ಹುಮ್ಮಸ್ಸು ಅದು. ನೆರಳು ಗೊಗ್ಯಾಂನದೇ ಎಂದು ಅವರೆಲ್ಲೂ ಬರೆದಿಟ್ಟಿಲ್ಲ. ‘ಎದುರೇಟು’ ಅಂತೆಲ್ಲ ನಾವು ನಂತರ ಹೇಳುತ್ತಿರುವುದು.

ಪೊನ್ನಂಪೇಟೆ_ಕಲಾಚರಿತ್ರೆ
ಹುಮ್ಮಸ್ಸು ಸರಿ. ಎದುರೇಟು ಅಂತ ನಾನೂ ಬರೆದಿಲ್ಲ. ಆದರೆ ಎರಡು ವರ್ಷ ಹಿಂದೆ, 1932ರಲ್ಲಿ, ಅದೇ ಕೈ ‘ಯಂಗ್ ಗರ್ಲ್ಸ್’ ಮಾಡಿತ್ತು. ತಂಗಿ ಇಂದಿರಾ ಮತ್ತು ಗೆಳತಿ ಡೆನಿಸ್ ಪ್ರೂತೋ ಎದುರುಬದುರು ಕೂತ ದೊಡ್ಡ ಕ್ಯಾನ್ವಾಸು. 1933ರಲ್ಲಿ ಅದಕ್ಕೆ ಪ್ಯಾರಿಸಿನ ದೊಡ್ಡ ಕಲಾಪ್ರದರ್ಶನ ಗ್ರಾಂ ಸಲೋಂನಲ್ಲಿ ಮನ್ನಣೆ ಸಿಕ್ಕಿ ಅಸೋಸಿಯೇಟ್ ಆಗಿ ಆಯ್ಕೆಯಾದರು. ಅದರಲ್ಲಿ ಬಟ್ಟೆಯ ಹೊಳಪು, ಕುರ್ಚಿ, ಬೆಳಕು ನೆರಳು ಎಲ್ಲವೂ ಶಾಲೆಯ ಶಿಸ್ತಿನದು. ಮೆಚ್ಚುಗೆ ತಂದ ಆ ಕೌಶಲವನ್ನು ಎರಡೇ ವರ್ಷದಲ್ಲಿ ಬೇಕೆಂದೇ ಬಿಟ್ಟುಕೊಟ್ಟದ್ದನ್ನು ಬರೀ ಹುಮ್ಮಸ್ಸು ಅನ್ನಲಾಗದು.

ಜರ್ಮನಿಯ ಪೌಲಾ ಮೋಡರ್‌ಸೋನ್-ಬೆಕರ್ 1906ರಲ್ಲಿ ಪ್ಯಾರಿಸಿನಲ್ಲೇ ಇಂಥದ್ದೊಂದು ಮಾಡಿದ್ದಳು. ಆರನೇ ವಿವಾಹ ವಾರ್ಷಿಕೋತ್ಸವದ ಸೆಲ್ಫ್ ಪೋರ್ಟ್ರೇಟ್. ಸೊಂಟದವರೆಗೆ ಬೆತ್ತಲೆ, ಕೊರಳಲ್ಲಿ ಸರ, ಬಸುರಿಯಂತೆ ಹೊಟ್ಟೆಯ ಸುತ್ತ ಕೈ. ಆಗ ಅವಳು ಬಸುರಿಯಾಗಿರಲಿಲ್ಲ. ಅವಳೂ ಗೊಗ್ಯಾಂನನ್ನು ಪ್ಯಾರಿಸಿನಲ್ಲಿ ನೋಡಿದ್ದವಳೇ. ಒಬ್ಬನಿಂದಲೇ ಕಲಿತ ಇಬ್ಬರು ಹೆಂಗಸರು ಇಬ್ಬರೂ ಅವನ ಮಾಡೆಲ್ ನಿಲ್ಲುವ ಜಾಗಕ್ಕೆ ಹೋಗಿ ನಿಂತರು. ಇದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ.

ಎಣ್ಣೆಬಣ್ಣದ_ಮೇಷ್ಟ್ರು
ಕನ್ನಡಿಯ ವಿಷಯ. ಸ್ವಲ್ಪ ಉದ್ದವಾಗುತ್ತದೆ, ತಾಳಿಕೊಳ್ಳಿ.

ಒಂದೇ ಕನ್ನಡಿಯಲ್ಲಿ ಬರೆದ ಚಿತ್ರದ ಕಣ್ಣು ಯಾವಾಗಲೂ ನೋಡುವವರನ್ನೇ ನೋಡುತ್ತದೆ, ಏಕೆಂದರೆ ನೀವು ನೋಡುತ್ತಿರುವುದು ನಿಮ್ಮ ಕಣ್ಣನ್ನೇ. ‘ತಾಹಿತಿ’ಯಲ್ಲಿ ನೋಟ ಪಕ್ಕಕ್ಕಿದೆ, ಕೈಗಳೆರಡೂ ಮುಂದೆ ಕಟ್ಟಿವೆ. ಅಂದಮೇಲೆ ಅದು ಕನ್ನಡಿ ನೋಡಿ ಒಂದೇ ಕೂತಿನಲ್ಲಿ ನಕಲಿಸಿದ್ದಲ್ಲ. ಕುಂಚ ಹಿಡಿದ ಕೈಯಂತೂ ಮುಂದೆ ಕಟ್ಟಿಕೊಂಡಿರಲಾರದು, ಅದನ್ನು ಬೇರೆಯಾಗಿ ಜೋಡಿಸಿಯೇ ಆಗಬೇಕು. ನಿಮ್ಮ ಮುಂದೆ ಮೂರು ದಾರಿಯಿವೆ.

ಮೊದಲನೆಯದು ಸುಲಭ. ಮುಖ ಮುಕ್ಕಾಲು ತಿರುಗಿಸಿ ಕನ್ನಡಿ ನೋಡಿ ಎಲ್ಲವನ್ನೂ ಚಿತ್ರಿಸಿ, ಕೊನೆಗೆ ಕಣ್ಣಿನ ಪಾಪೆ ಮಾತ್ರ ಮುಖ ತಿರುಗಿದ ದಿಕ್ಕಿಗೆ ಸರಿಸಿ. ಎಡವುವುದು ರೆಪ್ಪೆಯಲ್ಲಿ. ಪಾಪೆ ಸರಿದಾಗ ಮೇಲಿನ ರೆಪ್ಪೆಯ ಉಬ್ಬಿನ ತುದಿಯೂ ಅದರ ಜೊತೆಗೇ ಸರಿಯಬೇಕು. ಪಾಪೆಯನ್ನಷ್ಟೇ ಸರಿಸಿದರೆ ಕಣ್ಣು ಗಾಜಿನ ಗೋಲಿಯಂತೆ ಕಾಣುತ್ತದೆ.

ಎರಡನೆಯದು ಎರಡು ಕನ್ನಡಿ. ಎದುರಿಗೊಂದು, ಪಕ್ಕಕ್ಕೊಂದು. ಎದುರಿನದರಲ್ಲಿ ಪಕ್ಕದ ಕನ್ನಡಿಯ ಬಿಂಬ ಕಾಣುವಂತೆ ಕೋನ ಹೊಂದಿಸಿಕೊಳ್ಳಬೇಕು. ಆರ್ಟೆಮಿಸಿಯಾ ಜೆಂಟಿಲೆಸ್ಕಿ 1638-39ರ ಸುಮಾರಿನಲ್ಲಿ ‘ಚಿತ್ರಕಲೆಯ ರೂಪಕವಾಗಿ’ ತನ್ನನ್ನೇ ಪಕ್ಕದಿಂದ, ಬಾಗಿದ ಭಂಗಿಯಲ್ಲಿ ಚಿತ್ರಿಸಿಕೊಂಡದ್ದು ಇಂಥ ಏರ್ಪಾಟಿನಿಂದಲೇ ಸಾಧ್ಯ ಎಂದು ಬಲ್ಲವರು ಊಹಿಸುತ್ತಾರೆ. ತೊಂದರೆ ಏನೆಂದರೆ ತಲೆ ಒಂದಿಂಚು ಅಲುಗಿದರೂ ಬಿಂಬ ಓಡಿಹೋಗುತ್ತದೆ.

ಮೂರನೆಯದು, ಮುಖಕ್ಕೆ ಕನ್ನಡಿ, ಕೈಗೆ ಮತ್ತು ಮೈಯ ತಿರುವಿಗೆ ಫೋಟೊ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಕ್ಯಾಮೆರಾವನ್ನು ಎದೆ ಎತ್ತರದಲ್ಲಿ, ಕನಿಷ್ಠ 8-10 ಅಡಿ ದೂರದಲ್ಲಿಟ್ಟು ತೆಗೆಯಿರಿ. ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದು, ಚಿತ್ರ ಎಷ್ಟು ಚೆನ್ನಾಗಿ ಮಾಡಿದರೂ ‘ಮೊಬೈಲ್ ಮುಖ’ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಕನ್ನಡಿ 2×3 ಅಡಿಯದು, 5-6 ಮಿ.ಮೀ. ದಪ್ಪ ಗಾಜಿನದು ಇರಲಿ. ಬೀರುವಿಗೆ ಅಂಟಿಸುವ ತೆಳು ಕನ್ನಡಿ ಬಾಗಿ, ದವಡೆ ಒಂದು ಕಡೆ ಎಳೆದಂತಾಗುತ್ತದೆ. ಕನ್ನಡಿ 3 ಅಡಿ ದೂರದಲ್ಲಿದ್ದರೆ ನಿಮಗೆ ಕಾಣುವ ಮುಖ 6 ಅಡಿ ದೂರದ್ದು. ಕನ್ನಡಿಯ ಮೈಮೇಲೆ ಅಳೆದರೆ ಬಿಂಬ ಎಷ್ಟೇ ದೂರದಲ್ಲಿದ್ದರೂ ನಿಜ ಮುಖದ ಅರ್ಧ ಮಾತ್ರ ಇರುತ್ತದೆ. ಈ ಅರ್ಧ ತಿಳಿಯದೆ ತಲೆಯನ್ನು ಚಿಕ್ಕದಾಗಿ ಶುರುಮಾಡಿ, ಭುಜಕ್ಕೆ ಬರುವಾಗ ದೊಡ್ಡದಾಗುವುದು ತೀರಾ ಸಾಮಾನ್ಯ. 36 ಇಂಚಿನ ಕ್ಯಾನ್ವಾಸಿಗೆ ತಲೆ ಏಳೂವರೆ ಇಂಚು ಇಟ್ಟುಕೊಳ್ಳಿ. ತೊಡೆಯ ಆರಂಭಕ್ಕೆ ನಾಲ್ಕೂಕಾಲು ತಲೆ, ಅಂದರೆ 32 ಇಂಚು. ಮೇಲೆ 4 ಇಂಚು ಗಾಳಿ ಉಳಿಯುತ್ತದೆ.

ಪಾದದ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಕನ್ನಡಿಯ ಮೇಲೆ ಒಳಗಣ್ಣಿನ ಮೂಲೆ ಮತ್ತು ಗದ್ದದ ತುದಿಗೆ ಮಾರ್ಕರ್‌ನಲ್ಲಿ ಎರಡು ಚುಕ್ಕಿ ಇಡಿ. ಪ್ರತಿ ಸಲ ಕೂತಾಗ ಒಂದು ಕಣ್ಣು ಮುಚ್ಚಿ, ಬಿಂಬ ಆ ಚುಕ್ಕಿಗಳಿಗೆ ಹೊಂದುವವರೆಗೆ ಕುಂಚ ಎತ್ತಬೇಡಿ.

ನಾಪೋಕ್ಲು_ಅಕ್ಕ
ಮೇಷ್ಟ್ರೇ, ಸೀರೆ ಮರೆತಿರಿ. ಕೊಡಗಿನ ಸೀರೆಯ ಸೆರಗು ಎಡ ಕಂಕುಳ ಕೆಳಗಿಂದ ಎದೆಯ ಮೇಲೆ ಹಾದು ಬಲ ಭುಜಕ್ಕೆ ಬಂದು ನಿಲ್ಲಬೇಕು. ಕನ್ನಡಿ ನೋಡಿದಂತೆ ಚಿತ್ರಿಸಿದರೆ ಅದು ಎಡ ಭುಜಕ್ಕೆ ಹೋಗಿರುತ್ತದೆ. ಬೇರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ, ಇಲ್ಲಿ ಮಾತ್ರ ಮದುವೆ ಮಂಟಪದಲ್ಲಿ ಕೂತ ಯಾವ ಅಜ್ಜಿಯಾದರೂ ಮೊದಲು ಹೇಳುವುದು ಅದನ್ನೇ.

ಒಂದು ಅನುಕೂಲ ಇದೆ. ನೆರಿಗೆ ಹಿಂದೆ ಇರುವುದರಿಂದ ಮುಂದಿನ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಕೂರುವಾಗ ಸೆರಗನ್ನು ಮಾತ್ರ ತಿರುಗುಮುರುಗು ಮಾಡಿ, ಬಲ ಕಂಕುಳಿಂದ ತಂದು ಎಡ ಭುಜಕ್ಕೆ ಪಿನ್ ಹಾಕಿಬಿಡಿ. ಕನ್ನಡಿ ಅದನ್ನು ಸರಿಮಾಡಿಕೊಡುತ್ತದೆ. ಕುಪ್ಪಸದ ಗುಂಡಿ ಪಟ್ಟಿ ಮತ್ತು ಬೈತಲೆ ಇವೆರಡೂ ಹಿಂದುಮುಂದಾಗುವುದನ್ನು ನೋಡಿಕೊಳ್ಳಿ. ತಲೆಯ ವಸ್ತ್ರ ಹಿಂದೆ ಕಟ್ಟುವುದರಿಂದ ಅದಕ್ಕೆ ತೊಂದರೆಯಿಲ್ಲ.

ಒಡವೆ ಹಾಕುವುದಾದರೆ ಜೋಮಾಲೆ, ಪತ್ತಾಕ್, ಕೊಕ್ಕೆತಾತಿ ಎಂಬ ಕೊಡಗಿನ ಸರಗಳು ಮೂರನ್ನೂ ಒಟ್ಟಿಗೆ ಹೇರಬೇಡಿ. ಅದು ಮದುಮಗಳ ಲಕ್ಷಣ. ನೋಡುವವರು ಮದುವೆ ಚಿತ್ರ ಅಂದುಕೊಳ್ಳುತ್ತಾರೆ. ಕೊಕ್ಕೆತಾತಿ ಒಂದೇ ಸಾಕು. ಅದರ ಅರ್ಧಚಂದ್ರದ ಆಕಾರ ಚಿತ್ರದಲ್ಲಿ ಚೆನ್ನಾಗಿ ಕೂರುತ್ತದೆ.

ಹಾಕತ್ತೂರು_ಕುಂಚ
ಸೆರಗು ತಿರುಗಿಸುವುದು ಹೊಳೆದೇ ಇರಲಿಲ್ಲ ಅಕ್ಕ. ಎರಡು ಕನ್ನಡಿಯನ್ನು 90 ಡಿಗ್ರಿಗೆ ಜೋಡಿಸಿದರೆ ಎಡಬಲ ಸರಿಯಾಗೇ ಕಾಣುತ್ತದಂತಲ್ಲ, ಅದು ಆಗದೇ?

ಎಣ್ಣೆಬಣ್ಣದ_ಮೇಷ್ಟ್ರು
ಕಾಣುತ್ತದೆ, ಆದರೆ ಎರಡು ಗಾಜು ಕೂಡುವ ಗೆರೆ ಮುಖದ ನಡುವೆಯೇ ಬಂದು ಕೂರುತ್ತದೆ. ಮೂಗನ್ನು ಯಾವತ್ತೂ ಸರಿಯಾಗಿ ನೋಡಲಾರಿರಿ. ನಡುನಡುವೆ ಪರೀಕ್ಷಿಸಿಕೊಳ್ಳಲು ಮಾತ್ರ ಸರಿ.

ಸೋಮವಾರಪೇಟೆ_ಬ್ರಷ್
ವೇಷದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಪ್ರವಾಸಿಗರು ಬಾಡಿಗೆ ಸೀರೆ ಉಟ್ಟು, ಜಲಪಾತದೆದುರು ನಿಂತು ಫೋಟೊ ಹೊಡೆಸಿಕೊಂಡು ಹೋಗುವುದನ್ನು ನೋಡುತ್ತಲೇ ಇದ್ದೇವೆ. ಚಿತ್ರ ಅದಕ್ಕಿಂತ ಹೇಗೆ ಬೇರೆ?

ನಾಪೋಕ್ಲು_ಅಕ್ಕ
ಈ ಉಡುಗೆ ಕೊಡವರಲ್ಲಷ್ಟೇ ಅಲ್ಲ, ಕೊಡಗಿನ ಬೇರೆ ಕೆಲವು ಸಮುದಾಯದವರೂ ಇದನ್ನೇ ಉಡುತ್ತಾರೆ. ಉಟ್ಟರೆ ತಪ್ಪೇನಿಲ್ಲ. ಸರಿಯಾಗಿ ಉಡಬೇಕು ಅಷ್ಟೇ. ಜಲಪಾತ ಬೇಡ, ಪೀಚೆಕತ್ತಿ (ಕೊಡವರ ಕಠಾರಿ) ಹಿಡಿದ ಗಂಡಸರೂ ಬೇಡ.

ಪೊನ್ನಂಪೇಟೆ_ಕಲಾಚರಿತ್ರೆ
ಅಕ್ಕ ಹೇಳಿದ ‘ಜಲಪಾತ ಬೇಡ’ ಅನ್ನುವುದರಲ್ಲೇ ಅಮೃತಾ ಪಾಠ ಇದೆ. ಅವರು ತಾಹಿತಿಗೆ ಹೋದವರಲ್ಲ. ಹಂಗೆರಿಯ ತಾಯಿ, ಪಂಜಾಬಿ ತಂದೆ, ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟ್, ಓದಿದ್ದು ಪ್ಯಾರಿಸ್. ಆ ಊರಿನವರಿಗೆ ಅವರು ಹೇಗೂ ‘ಪೂರ್ವದವಳು’. ಆ ಹಣೆಪಟ್ಟಿಯನ್ನೇ ಶೀರ್ಷಿಕೆಯಲ್ಲಿ ಒಪ್ಪಿಕೊಂಡು, ಅದಕ್ಕೆ ತಕ್ಕ ಸಾಮಗ್ರಿ ಒಂದನ್ನೂ ಚಿತ್ರದೊಳಗೆ ಕೊಡಲಿಲ್ಲ. ನೀವೂ ಸೀರೆ ಉಡಿ, ಆದರೆ ಹಿಂದೆ ಮಂಜು, ಕಾಫಿ ಹಣ್ಣು, ಬೆಟ್ಟ ಹಾಕಬೇಡಿ. ಗೋಡೆ ಸಾಕು.

ಹೋಲಿಕೆಗೆ ನಮ್ಮೂರಿನದೇ ಇನ್ನೊಂದು ಚಿತ್ರ ಇದೆ. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು ಗೌರಮ್ಮ. 1852ರಲ್ಲಿ ಲಂಡನ್ನಿನಲ್ಲಿ ಅವಳ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಜರ್ಮನ್ ಕಲಾವಿದ ವಿಂಟರ್‌ಹಾಲ್ಟರ್ ಅವಳ ಭಾವಚಿತ್ರ ಬರೆದ. ಭಾರತೀಯ ಉಡುಗೆ, ಒಡವೆ, ಕೈಯಲ್ಲಿ ಬೈಬಲ್. ಎಲ್ಲವೂ ಬೇರೆಯವರು ಆರಿಸಿಕೊಟ್ಟದ್ದು. ಕೊಡಗಿನ ಹೆಣ್ಣೊಬ್ಬಳು ಆಯಿಲ್ ಪೇಂಟಿಂಗಿನಲ್ಲಿ ಹೇಗೆ ಕಂಡಳು ಅನ್ನುವುದಕ್ಕೆ ಅದು ಮುಖ್ಯ ದಾಖಲೆ, ಆದರೆ ಅದರಲ್ಲಿ ಅವಳ ಆಯ್ಕೆ ಏನೂ ಇಲ್ಲ. ಸೆಲ್ಫ್ ಪೋರ್ಟ್ರೇಟಿನಲ್ಲಿ ಉಡುಗೆ, ಭಂಗಿ, ಗೋಡೆ ಮೂರನ್ನೂ ನೀವೇ ಆರಿಸುತ್ತೀರಿ. ಪ್ರವಾಸಿಯ ಫೋಟೊಗೂ ಇದಕ್ಕೂ ವ್ಯತ್ಯಾಸ ಅಲ್ಲಿದೆ, ಸೋಮವಾರಪೇಟೆಯವರೇ.

ಕಾಫಿಬೋರ್ಡ್_ಕ್ಯಾನ್ವಾಸ್
ಮಳೆ ಮತ್ತು ಒಣಗುವಿಕೆ. ಆಯಿಲ್ ಬಣ್ಣ ನೀರಿನಂತೆ ಆವಿಯಾಗಿ ಒಣಗುವುದಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಚಳಿ ಮತ್ತು ತೇವ ಎರಡೂ ಅದನ್ನು ನಿಧಾನಿಸುತ್ತವೆ. ಮೈಸೂರಿನಲ್ಲಿ ಮೂರು ದಿನಕ್ಕೆ ಕೈಗೆ ಅಂಟದ ಪದರ ಜುಲೈಯಲ್ಲಿ ಮಡಿಕೇರಿಯಲ್ಲಿ ವಾರ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ಅದಕ್ಕೆ ತಕ್ಕಂತೆ ಬಣ್ಣ ಆರಿಸಿ.

ರಾ ಅಂಬರ್, ಬರ್ನ್ಟ್ ಅಂಬರ್ ಬೇಗ ಒಣಗುತ್ತವೆ, ಅವುಗಳಲ್ಲಿರುವ ಮ್ಯಾಂಗನೀಸ್ ಕಾರಣ. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂಗಳು, ಅಲಿಜರಿನ್, ಟೈಟೇನಿಯಂ ವೈಟ್ ನಿಧಾನ. ಹಾಗಾಗಿ ಕೆಳಪದರ ಪೂರ್ತಿ ರಾ ಅಂಬರ್ ಮತ್ತು ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿ. ಎಣ್ಣೆ ಸೇರಿಸಬೇಡಿ. ಮೇಲಿನ ಪದರಗಳಿಗೆ ಹೋದಂತೆ ಎಣ್ಣೆ ಸ್ವಲ್ಪ ಸ್ವಲ್ಪ ಹೆಚ್ಚಲಿ. ತಿರುವುಮುರುವು ಮಾಡಿದರೆ ಮೇಲಿನ ಪದರ ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗುತ್ತಿದ್ದು, ಬಿರುಕು ಬೀಳುತ್ತದೆ. ಐವರಿ ಬ್ಲ್ಯಾಕನ್ನು ಕೆಳಪದರಕ್ಕೆ ದಪ್ಪಗೆ ಹಾಕಲೇಬೇಡಿ.

ಅವಸರವಿದ್ದರೆ ಲಿಕ್ವಿನ್‌ನಂಥ ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಬಣ್ಣದ ಕಾಲು ಭಾಗ ಮೀರದಂತೆ ಸೇರಿಸಬಹುದು. ಹಾರ್ಡ್‌ವೇರ್ ಅಂಗಡಿಯ ಎನಾಮಲ್ ಥಿನ್ನರ್ ಬೇಡ. ಪದರವೂ ಹಾಳು, ಎದೆಯೂ ಹಾಳು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಯೋಚನೆ ಬಂದರೆ ಬಿಡಿ, ಹೊಗೆಮಸಿ ಹಸಿ ಬಣ್ಣದೊಳಗೇ ಸೇರಿಹೋಗುತ್ತದೆ. ಕತ್ತಲ ಕೋಣೆಯಲ್ಲಿ ಮುಚ್ಚಿಡುವುದೂ ಬೇಡ, ಕತ್ತಲಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಯಾಗುತ್ತದೆ. ಕಿಟಕಿಯ ಪಕ್ಕ, ಸಣ್ಣ ಫ್ಯಾನ್, ಸಾಧ್ಯವಾದರೆ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್. ಆ ಕೋಣೆಯಲ್ಲಿ ಬಟ್ಟೆ ಒಣಹಾಕಬೇಡಿ.

ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ.

ಫ್ರೇಮ್_ವಿರಾಜಪೇಟೆ
ಕ್ಯಾನ್ವಾಸ್ ಏಕೆ? ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಶೀಟ್ ತಗೊಳ್ಳಿ, ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಸಿಗುತ್ತದೆ. 3 ಮಿ.ಮೀ. ಸಾಕು. 220 ನಂಬರ್ ಮರಳುಕಾಗದದಲ್ಲಿ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಬಣ್ಣ ಹಿಡಿಯಲು ತಳಕ್ಕೆ ಬಳಿಯುವ ಆಕ್ರಿಲಿಕ್ ಗೆಸ್ಸೊ ಮೂರು ಕೋಟು. ತೇವಕ್ಕೆ ಉಬ್ಬುವುದಿಲ್ಲ, ಬಾಗುವುದಿಲ್ಲ, ಬೂಷ್ಟು ಹಿಡಿಯಲು ಹತ್ತಿ ನೂಲೂ ಇರುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಕೇಬೇಕೆಂದರೆ ಹಿಂಭಾಗ, ನಾಲ್ಕೂ ಅಂಚು ಎಲ್ಲ ಕಡೆ ಗೆಸ್ಸೊ ಬಳಿಯಬೇಕು. ಅಂಚು ಬಿಟ್ಟರೆ ಅಲ್ಲಿಂದಲೇ ನೀರು ಕುಡಿದು ಬ್ರೆಡ್ಡಿನ ಹಾಗೆ ಊದುತ್ತದೆ.

ಕ್ಯಾನ್ವಾಸೇ ಆದರೆ ಒಂದು ಮಾತು. ಮಳೆಗಾಲದಲ್ಲಿ ಸಡಿಲಾಯಿತೆಂದು ಮೂಲೆಯ ಬೆಣೆ ಹೊಡೆದು ಬಿಗಿ ಮಾಡಬೇಡಿ. ಫೆಬ್ರವರಿ ಒಣಗಾಳಿಗೆ ಅದು ಇನ್ನೂ ಬಿಗಿದು ಮೂಲೆಗಳಲ್ಲಿ ಬಣ್ಣ ಸೀಳುತ್ತದೆ. ಚೆನ್ನಾಗಿ ಹದವಾಗದ ಸಿಲ್ವರ್ ಓಕ್ ಪಟ್ಟಿಯ ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿಯುವ ಚೌಕಟ್ಟು) ತಿರುಚಿಕೊಳ್ಳುತ್ತದೆ. 36 ಇಂಚಿಗೆ ಅಡ್ಡಪಟ್ಟಿ ಇರಲೇಬೇಕು.

ಎಣ್ಣೆಬಣ್ಣದ_ಮೇಷ್ಟ್ರು
ಎಸಿಪಿ ಬಗ್ಗೆ ಒಪ್ಪುತ್ತೇನೆ. ಒಂದೇ ಕೊರತೆ, ನೂಲಿನ ಹಿಡಿತ ಇರುವುದಿಲ್ಲ, ಕುಂಚ ಜಾರುತ್ತದೆ. ಕೊನೆಯ ಗೆಸ್ಸೊ ಕೋಟನ್ನು ಒರಟು ಬ್ರಷ್‌ನಲ್ಲಿ ಅಡ್ಡ, ಉದ್ದ ಎರಡೂ ಕಡೆ ಎಳೆದರೆ ಸ್ವಲ್ಪ ಹಿಡಿತ ಬರುತ್ತದೆ.

ಬೆಳಕು: ಉತ್ತರದ ಕಿಟಕಿ. ಮಳೆಗಾಲದ ಮೋಡ ನಿಜಕ್ಕೂ ಒಳ್ಳೆಯದು, ಇಡೀ ಬೆಳಿಗ್ಗೆ ನೆರಳು ಸರಿಯುವುದಿಲ್ಲ. ಆದರೆ ಕಿಟಕಿಯಾಚೆ ತೋಟವಿದ್ದರೆ ಎಲೆಯ ಹಸಿರು ಒಳಗೆ ಬಂದು ಗದ್ದದ ಕೆಳಗೆ, ಮೂಗಿನ ಪಕ್ಕ ಕೂರುತ್ತದೆ. ಕಂಡಂತೆ ಹಾಕಿದರೆ ಮುಖ ಕಾಯಿಲೆಯದಾಗಿ ಕಾಣುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಬಿಳಿ ಪಂಚೆ ಕಟ್ಟಿ, ಮೇಲಿನ ಅರ್ಧದಿಂದ ಆಕಾಶದ ಬೆಳಕು ಮಾತ್ರ ತೆಗೆದುಕೊಳ್ಳಿ. ಐನ್‌ಮನೆಯ (ಕೊಡವರ ಮೂಲಮನೆ) ಮುಂದಿನ ಜಗಲಿ ಕೈಯಾಲೆಯಲ್ಲಿ ಕೂರಬೇಕೆಂಬ ಆಸೆ ಬೇಡ, ಅಲ್ಲಿ ಮೂರು ಕಡೆಯಿಂದಲೂ ಹಸಿರು.

ಮೈಬಣ್ಣಕ್ಕೆ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಇಂಡಿಯನ್ ರೆಡ್, ಅಲ್ಟ್ರಾಮರೀನ್, ಟೈಟೇನಿಯಂ ವೈಟ್. ಐದೇ ಸಾಕು. ಕಂದು ಮೈಯನ್ನು ಬೆಳಗಿಸಲು ನೇರ ಬಿಳಿ ಸೇರಿಸಿದರೆ ಸುಣ್ಣ ಬಳಿದಂತಾಗುತ್ತದೆ. ಮೊದಲು ಓಕರ್, ಆಮೇಲೆ ಹಣೆ, ಕೆನ್ನೆಮೂಳೆ, ಮೂಗಿನ ತುದಿ ಈ ಮೂರು ಕಡೆ ಮಾತ್ರ ಬಿಳಿಯಲ್ಲಿ ಚೂರು ಅಲ್ಟ್ರಾಮರೀನ್. ಮೋಡದ ಬೆಳಕು ತಂಪು, ಹಾಗಾಗಿ ಹೊಳಪು ತಂಪಾಗಿ, ನೆರಳು ಬೆಚ್ಚಗೆ ಇರಬೇಕು. ನೆರಳಿಗೆ ಕಪ್ಪು ಬೇಡ. ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಬೆರೆತ ಕಂದು ಸಾಕು.

ಕೆಂಪು ರೇಷ್ಮೆಯ ಹೊಳಪಿಗೆ ಬಿಳಿ ಹಾಕಿದರೆ ಗುಲಾಬಿಯಾಗುತ್ತದೆ. ಕ್ಯಾಡ್ಮಿಯಂ ಆರೆಂಜ್‌ನಲ್ಲಿ ಎತ್ತಿ, ತೀರಾ ತುದಿಗೆ ತಿಳಿ ಬೂದು. ಮಡಿಕೆಯ ಆಳಕ್ಕೆ ಅಲಿಜರಿನ್ ಕ್ರಿಮ್ಸನ್ ಬೇಡ. ಟ್ಯೂಬಿನ ಮೇಲೆ ವರ್ಣದ್ರವ್ಯದ ಸಂಕೇತ ಪಿ.ಆರ್. 83 ಎಂದಿದ್ದರೆ ಅದು ಬೆಳಕಿಗೆ ಮಾಸುತ್ತದೆ. ಪಿ.ವಿ. 19 ಅಥವಾ ಪಿ.ಆರ್. 177 ಇರುವುದನ್ನು ನೋಡಿ ಖರೀದಿಸಿ. ಜರಿ ಮತ್ತು ಕೊಕ್ಕೆತಾತಿಗೆ ಚಿನ್ನದ ಬಣ್ಣದ ಪೇಂಟ್ ಮುಟ್ಟಬೇಡಿ. ರಾ ಅಂಬರ್ ನೆರಳು, ಓಕರ್ ನಡುಬಣ್ಣ, ನೇಪಲ್ಸ್ ಯೆಲ್ಲೋ ಹೊಳಪು, ಒಂದೆರಡು ಚುಕ್ಕಿ ಬಿಳಿ. ಸೀರೆಯ ಕೆಂಪು ಚಿನ್ನದ ನೆರಳಿನೊಳಗೆ ಪ್ರತಿಫಲಿಸುತ್ತದೆ. ಅದನ್ನು ಹಿಡಿದರೆ ಚಿನ್ನ, ಬಿಟ್ಟರೆ ಹಿತ್ತಾಳೆ.

ಸೋಮವಾರಪೇಟೆ_ಬ್ರಷ್
ಅಮೃತಾ ಬಣ್ಣವನ್ನು ಮೊಬೈಲ್ ನೋಡಿ ಹೊಂದಿಸಬೇಡಿ. ಒಂದು ಪ್ರತಿಯಲ್ಲಿ ಮೈ ಹಸಿರುಗಂದು, ಇನ್ನೊಂದರಲ್ಲಿ ಕಿತ್ತಳೆ. ಅಂದಹಾಗೆ ಅವರ ‘ದಿ ಸ್ಟೋರಿ ಟೆಲ್ಲರ್’ 2023ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು.

ಪೊನ್ನಂಪೇಟೆ_ಕಲಾಚರಿತ್ರೆ
ಕೋಟಿಯಿಂದ ಇವರ ಚಿತ್ರಕ್ಕೆ ಏನೂ ಸಿಗುವುದಿಲ್ಲ. ಆ ‘ಸ್ಟೋರಿ ಟೆಲ್ಲರ್’ 1937ರದ್ದು, ಅದರ ವರ್ಷ ಮಾತ್ರ ಮುಖ್ಯ. ಪ್ರಭಾವದ ಮುಂದಿನ ಭಾಗ ಅಲ್ಲೇ ಇದೆ.

1934ರ ಕೊನೆಗೆ ಅಮೃತಾ ಭಾರತಕ್ಕೆ ಮರಳಿದರು. ಮೊದಲ ಚಿತ್ರಗಳಲ್ಲಿ, 1935ರ ‘ತ್ರೀ ಗರ್ಲ್ಸ್’ ಮತ್ತು ಬೆಟ್ಟದವರ ಚಿತ್ರಗಳಲ್ಲಿ, ಗೊಗ್ಯಾಂ ಇನ್ನೂ ಕೈಬಿಟ್ಟಿಲ್ಲ. 1936ರ ಕೊನೆಯಿಂದ ಅಜಂತಾ, ಎಲ್ಲೋರಾ ನೋಡಿ ದಕ್ಷಿಣಕ್ಕೆ ಇಳಿದು ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿವರೆಗೆ ಬಂದರು. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳು ಅವರನ್ನು ಹಿಡಿದು ನಿಲ್ಲಿಸಿದವು. ಅದರ ಫಲ 1937ರ ಮೂರು ಚಿತ್ರ: ‘ಬ್ರೈಡ್ಸ್ ಟಾಯ್ಲೆಟ್’, ‘ಬ್ರಹ್ಮಚಾರಿಗಳು’, ‘ಸೌತ್ ಇಂಡಿಯನ್ ವಿಲೇಜರ್ಸ್ ಗೋಯಿಂಗ್ ಟು ಮಾರ್ಕೆಟ್’. ಅಲ್ಲಿ ಮೈಯ ದುಂಡು ಉಳಿದಿದೆ, ಆದರೆ ಬೆಳಕು ಒಂದು ಕಡೆಯಿಂದ ಬೀಳುವುದು ನಿಂತಿದೆ. ಬಣ್ಣ ತನ್ನಷ್ಟಕ್ಕೇ ಬೆಳಗುತ್ತದೆ. ಆಮೇಲೆ ಮೊಘಲ್ ಮತ್ತು ಪಹಾಡಿ ಕಿರುಚಿತ್ರಗಳು ಬಂದು ಆಕೃತಿಗಳು ಚಿಕ್ಕದಾದವು. 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತೀರಿಕೊಂಡಾಗ 28 ವರ್ಷ. ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ಮೇಲೂ ಅವರ ಪ್ರಭಾವ ಇದೆ.

ಹಾಗಾಗಿ ಹಾಕತ್ತೂರಿನವರೇ, ನೀವು 1934ರ ಚಿತ್ರವನ್ನೇ ಹಿಡಿದುಕೊಂಡರೆ ಗೊಗ್ಯಾಂನ ಎರಡನೇ ಕೈ ಸರಕು ಸಿಗುತ್ತದೆ. ಅವರು ಆಮೇಲೆ ಏನನ್ನು ನೋಡಿ ಬದಲಾದರೋ ಅದನ್ನು ನೀವೂ ನೋಡಿ. ಮಟ್ಟಾಂಚೇರಿ ದೂರವಾಯಿತೇ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಜಿಲ್ಲೆಯ ಕೂತುಪರಂಬ ಬಳಿ ತೊಡೀಕಳಂ ಶಿವ ದೇವಸ್ಥಾನ ಇದೆ. ಗರ್ಭಗುಡಿಯ ಹೊರಗೋಡೆಯ ಮೇಲೆ ಅದೇ ಪರಂಪರೆಯ ಭಿತ್ತಿಚಿತ್ರಗಳು. ಕಾವಿ ಕೆಂಪು, ಕಾವಿ ಹಳದಿ, ಹಸಿರು, ಮಸಿ ಕಪ್ಪು, ಗೋಡೆಯ ಸುಣ್ಣದ ಬಿಳಿ. ಕೆಂಪಿನ ಪಕ್ಕ ಹಸಿರು ಹೇಗೆ ಕೂರಿಸಿದ್ದಾರೆ, ಕಣ್ಣಿನ ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಇವೆರಡನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡು ಬನ್ನಿ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯಲ್ಲೂ ಚಿತ್ರಗಳಿವೆ, ಮಾಸಿವೆ, ಆದರೂ ನೋಡಿ. ಮೈಸೂರಿನ ಜಗನ್ಮೋಹನ ಅರಮನೆಯ ರವಿವರ್ಮರನ್ನು ಅದೇ ವಾರ ನೋಡಿದರೆ ಎರಡು ದಾರಿಯ ವ್ಯತ್ಯಾಸ ಗೊತ್ತಾಗುತ್ತದೆ. ಅಮೃತಾ ಮೂಲಚಿತ್ರಗಳ ಅತಿ ದೊಡ್ಡ ಸಂಗ್ರಹ ಇರುವುದು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎನ್‌ಜಿಎಂಎಯಲ್ಲಿ. ಅದರ ಬೆಂಗಳೂರು ಶಾಖೆಯಾದ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ಪ್ರದರ್ಶನ ಆಗಾಗ ಬದಲಾಗುತ್ತದೆ, ಫೋನ್ ಮಾಡಿ ಕೇಳಿ ಹೋಗಿ.

ಎಣ್ಣೆಬಣ್ಣದ_ಮೇಷ್ಟ್ರು
ಇದು ನಾನು ಹೇಳಿದ್ದಕ್ಕೆ ವಿರುದ್ಧ ಆಯಿತಲ್ಲ. ನಾನು ಒಂದು ಕಿಟಕಿಯ ಬೆಳಕು ಅಂದೆ, ನೀವು ಬೆಳಕು ಬೀಳುವುದೇ ಬೇಡ ಅನ್ನುತ್ತಿದ್ದೀರಿ. ಕಲಿಯುವವರು ಮೊದಲು ಒಂದು ಕಡೆಯ ಬೆಳಕಿನಲ್ಲಿ ಮುಖ ಕಟ್ಟಲಿ. ಅಮೃತಾ ಕೂಡ ಸಿಮೋಂ ಬಳಿ ಅದನ್ನೇ ಕಲಿತರು.

ಪೊನ್ನಂಪೇಟೆ_ಕಲಾಚರಿತ್ರೆ
ಮುಖ ಹಾಗೇ ಕಟ್ಟಲಿ ಮೇಷ್ಟ್ರೇ. ಸೀರೆ ಮತ್ತು ಗೋಡೆಯನ್ನಾದರೂ ಚಪ್ಪಟೆ ಬಿಡಲಿ. ಸೀರೆಯ ಪ್ರತಿ ಮಡಿಕೆಗೂ ನೆರಳು ಹಾಕಿದರೆ ಅದು ಬಟ್ಟೆ ಅಂಗಡಿಯ ಕ್ಯಾಲೆಂಡರ್ ಆಗುತ್ತದೆ.

ಎಣ್ಣೆಬಣ್ಣದ_ಮೇಷ್ಟ್ರು
ಅಷ್ಟಕ್ಕೆ ಒಪ್ಪಿದೆ. ಸೀರೆಗೆ ಮೂರೇ ಬಣ್ಣ: ನಡು ಕೆಂಪು, ಒಂದು ಗಾಢ, ಒಂದು ತಿಳಿ. ಸೆರಗಿನ ಜರಿ ಅಂಚನ್ನು ಒಂದೇ ಗೆರೆಯಾಗಿ ಎಡ ಕಂಕುಳಿಂದ ಬಲ ಭುಜಕ್ಕೆ ಎಳೆಯಿರಿ. ಚಿತ್ರವನ್ನು ಓರೆಯಾಗಿ ಕತ್ತರಿಸುವ ಗೆರೆ ಅದೇ, ಬೇರೆ ಗೆರೆಗಳು ಅದಕ್ಕೆ ಪೈಪೋಟಿ ಕೊಡಬಾರದು.

ಹಾಕತ್ತೂರು_ಕುಂಚ
ಹಾಗಾದರೆ ಎಸಿಪಿ ಹಲಗೆ, ತಿರುಗುಮುರುಗು ಸೆರಗು, ಹಿಂದೆ ಬರೀ ಗೋಡೆ, ಕೊಕ್ಕೆತಾತಿ ಒಂದೇ. ಗೋಡೆಗೆ ಯಾವ ಬಣ್ಣ? ವಾರ್ನಿಷ್ ಯಾವಾಗ?

ಎಣ್ಣೆಬಣ್ಣದ_ಮೇಷ್ಟ್ರು
ಗೋಡೆಗೆ ಬೂದು ಹಸಿರು. ವಿರಿಡಿಯನ್‌ಗೆ ಇಂಡಿಯನ್ ರೆಡ್ ಸೇರಿಸಿ ಅದರ ತೀವ್ರತೆ ತಗ್ಗಿಸಿ, ಬಿಳಿ ಹಾಕಿ. ಕೆಂಪು ಸೀರೆ ತಾನೇ ಮುಂದೆ ಬರುತ್ತದೆ. ಗೋಡೆಯನ್ನು ಕೊನೆಗೆಂದು ಉಳಿಸಬೇಡಿ, ಮುಖದ ಮೊದಲ ಪದರದ ಜೊತೆಗೇ ಹಾಕಿ. ಬಿಳಿ ಹಲಗೆಯ ಎದುರು ಯಾವ ಮೈಬಣ್ಣವೂ ಕಪ್ಪಾಗಿ ಕಂಡು, ಬೇಡದಷ್ಟು ತಿಳಿ ಮಾಡಿಬಿಡುತ್ತೀರಿ.

ಕಾಫಿಬೋರ್ಡ್_ಕ್ಯಾನ್ವಾಸ್
ವಾರ್ನಿಷ್ ಚಿತ್ರ ಮುಗಿದು ಕನಿಷ್ಠ ಆರು ತಿಂಗಳ ಮೇಲೆ. ಸೆಪ್ಟೆಂಬರ್‌ನಲ್ಲಿ ಮುಗಿದರೆ ಮಾರ್ಚ್ ಆರಂಭ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮುಂಚೆ, ಬಿಸಿಲಿನ ಮಧ್ಯಾಹ್ನ. ತೇವದಲ್ಲಿ ಬಳಿದರೆ ಹಾಲಿನಂಥ ಮಬ್ಬು ಕೂರುತ್ತದೆ. ಹಿಂದಿನ ರಾತ್ರಿಯೇ ಹಲಗೆ ಮತ್ತು ವಾರ್ನಿಷ್ ಬಾಟಲಿ ಎರಡನ್ನೂ ಒಂದೇ ಕೋಣೆಯಲ್ಲಿಡಿ.

ಫ್ರೇಮ್_ವಿರಾಜಪೇಟೆ
ನೇತುಹಾಕುವಾಗ ಹೊರಗೋಡೆ ಬೇಡ, ಒಳಗೋಡೆ. ನಾಲ್ಕು ಮೂಲೆಗೂ ಅರ್ಧ ಇಂಚಿನ ಕಾರ್ಕ್ ತುಂಡು ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ. ಹಿಂದೆ ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಹೊರಗೆ ತಂದು, ಮೊದಲು ಒಣಗಿಸಿ, ಆಮೇಲೆ ಮೆತ್ತನೆ ಬ್ರಷ್‌ನಲ್ಲಿ ಕೊಡವಿ.